ಡೊಂಬಿವಲಿಯಿಂದ ಕುಂದಾಪುರಕ್ಕೆ ಕಾರಿನಲ್ಲಿ: ಯಾವ ರಸ್ತೆ, ಯಾರ ಮನೆ?

ಡೊಂಬಿವಲಿ ಡ್ರೈವರ್
ಎಲ್ಲರಿಗೂ ನಮಸ್ಕಾರ. 18 ವರ್ಷದಿಂದ ಡೊಂಬಿವಲಿಯಲ್ಲಿದ್ದೇನೆ. ಇಷ್ಟು ದಿನ ಊರಿಗೆ ಅಂದರೆ ಮತ್ಸ್ಯಗಂಧ ರೈಲು, ಟಿಕೆಟ್ ಸಿಗದಿದ್ದರೆ ಸ್ಲೀಪರ್ ಬಸ್ಸು. ಈ ಸಲ ಮೊದಲ ಬಾರಿ ಸ್ವಂತ ಕಾರು. ಹೊಸದೇನಲ್ಲ, ಭಾವನಿಂದ ಕೊಂಡ ಸಿಎನ್‌ಜಿ ಗಾಡಿ.

ಮೇ ತಿಂಗಳಲ್ಲಿ ಕುಂದಾಪುರದಲ್ಲಿ ಅಣ್ಣನ ಮನೆ ಒಕ್ಕಲು, ಭಾನುವಾರ. ಶುಕ್ರವಾರ ಬೆಳಿಗ್ಗೆ ಹೊರಟು ಶನಿವಾರ ಸಂಜೆಯೊಳಗೆ ತಲುಪಬೇಕು. ಕಾರಿನಲ್ಲಿ ನಾನು, ಹೆಂಡತಿ, ಹತ್ತನೇ ಕ್ಲಾಸು ಮುಗಿಸಿದ ಮಗಳು, 74 ವರ್ಷದ ಅಮ್ಮ. ಓಡಿಸುವವನು ನಾನೊಬ್ಬನೇ.

ಒಂದು ದಾರಿ ಪನ್ವೇಲ್, ಮಹಾಡ್, ಚಿಪ್ಳೂಣ್, ಸಾವಂತವಾಡಿ, ಗೋವಾ, ಕಾರವಾರ. ಇನ್ನೊಂದು ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ. ಎರಡೂ 800ರಿಂದ 850 ಕಿಲೋಮೀಟರ್ ಒಳಗೆ.

ರಸ್ತೆಯ ಪ್ರಶ್ನೆ ಸುಲಭದ್ದು. ಕಷ್ಟ ಇರುವುದು ಬೇರೆ ಕಡೆ. ಎರಡನೇ ದಾರಿಯಲ್ಲಿ ಪುಣೆಯ ಕೊತ್ರೂಡಿನಲ್ಲಿ ಚಿಕ್ಕಮ್ಮ ಇದ್ದಾರೆ. ಧಾರವಾಡದಲ್ಲಿ ಹೆಂಡತಿಯ ತವರು. ಕುಮಟಾದಲ್ಲಿ ಸೋದರತ್ತೆ. ಮೂರು ಮನೆಗೂ ಹೋಗಲೇಬೇಕು ಎಂದು ಅಮ್ಮನ ಹಠ. ಮೂರು ಮನೆಗೆ ಹೋದರೆ ಒಕ್ಕಲು ಮುಗಿದ ಮೇಲೆ ತಲುಪುತ್ತೇವೆ ಎಂದು ನನ್ನ ಲೆಕ್ಕ. ಗೋವಾ ದಾರಿ ಹಿಡಿದರೆ ಯಾರ ಮನೆಯೂ ಅಡ್ಡ ಬರುವುದಿಲ್ಲ. ಏನು ಮಾಡಲಿ?

ಲೆಕ್ಕದ ಮಾಸ್ತರ್, ಥಾಣೆ
ಕುಮಟಾ ಎರಡೂ ದಾರಿಯಲ್ಲಿ ಬರುತ್ತದೆ ಸ್ವಾಮಿ. ಗೋವಾ ಮೇಲೆ ಬಂದರೂ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಎಂದೇ ಇಳಿಯಬೇಕು. ಸೋದರತ್ತೆಯಿಂದ ತಪ್ಪಿಸಿಕೊಳ್ಳಲು ಹಡಗೇ ಬೇಕು.

ಡೊಂಬಿವಲಿ ಡ್ರೈವರ್
ಅಯ್ಯೋ, ಹೌದಲ್ಲ!

ವಾಶಿ ಶೆಟ್ರು
ನನ್ನನ್ನು ಕೇಳಿದರೆ ಗೋವಾ ದಾರಿಯೇ ಸೈ. ವರ್ಷಕ್ಕೆ ಮೂರು ಸಲ ಹೋಗಿ ಬರುವವನು ನಾನು. ಕಶೇಡಿ ಘಾಟಿಗೆ ಈಗ ಸುರಂಗ ಇದೆ. ಮೊದಲು ಲಾರಿ ಹಿಂದೆ ನಿಂತು ಹೊಗೆ ಕುಡಿಯುತ್ತಾ ಹತ್ತುತ್ತಿದ್ದ ಜಾಗ ಅದು. ಕಣಕವಲಿಯಿಂದ ಕೆಳಗೆ ರಸ್ತೆ ಬೆಣ್ಣೆ. ಸಿಕ್ಕಿಹಾಕಿಕೊಳ್ಳುವುದು ಇಂದಾಪುರ, ಮಾಣಗಾಂವ್ ಪೇಟೆಯಲ್ಲಿ ಮತ್ತೆ ಸಂಗಮೇಶ್ವರದ ಸುತ್ತಮುತ್ತ. ಬೆಳಿಗ್ಗೆ 6ರೊಳಗೆ ಮಾಣಗಾಂವ್ ದಾಟಿದರೆ ಗೆದ್ದ ಹಾಗೆ.

ಘಾಟ್ಕೋಪರ್ ಘಾಟಿ
ಶೆಟ್ರೆ, ಆ ರಸ್ತೆ ಕೆಲಸ ಶುರುವಾದಾಗ ನನಗೆ ಮದುವೆಯಾಗಿರಲಿಲ್ಲ. ಈಗ ಮಗ ಆರನೇ ಕ್ಲಾಸು. ನೀವು ಪ್ರತಿ ಸಲವೂ "ಈಗ ಬೆಣ್ಣೆ" ಅಂತಲೇ ಹೇಳುತ್ತೀರಿ.

ವಾಶಿ ಶೆಟ್ರು
ಕಣಕವಲಿಯಿಂದ ಕೆಳಗೆ ಎಂದು ಬರೆದಿದ್ದೇನೆ. ಪೂರ್ತಿ ಓದಿ ಮಾರಾಯ್ರೆ.

ಹಿಂಜವಡಿ ಹುಬ್ಬಳ್ಳಿ
ಒಬ್ಬರೇ ಡ್ರೈವರ್, ಜೊತೆಗೆ ವಯಸ್ಸಾದ ಅಮ್ಮ. ಕಣ್ಣು ಮುಚ್ಚಿ ಪುಣೆ ದಾರಿ ಹಿಡಿಯಿರಿ. ನಾಲ್ಕು ಲೇನು, ಡಿವೈಡರ್, ದಾರಿಯುದ್ದಕ್ಕೂ ಪಂಪು, ಶೌಚಾಲಯ, ಊಟ. ಸಾತಾರಾ, ಕರಾಡ್, ಕೊಲ್ಹಾಪುರ ಎಲ್ಲವೂ ಊರ ಹೊರಗಿನಿಂದಲೇ ದಾಟುತ್ತವೆ. ಕೆಲವು ಕಡೆ ಆರು ಲೇನಿನ ಕೆಲಸದಿಂದ ಪಕ್ಕದ ರಸ್ತೆಗೆ ಇಳಿಸುತ್ತಾರೆ. ಅದಕ್ಕೊಂದು ಗಂಟೆ ಜಾಸ್ತಿ ಇಟ್ಟುಕೊಳ್ಳಿ.

ಡೊಂಬಿವಲಿಯಿಂದ ಧಾರವಾಡ ಸುಮಾರು 550 ಕಿಲೋಮೀಟರ್. ಒಂದು ದಿನಕ್ಕೆ ಅಷ್ಟು ಸಾಕು. ರಾತ್ರಿ ಅತ್ತೆಮನೆಯಲ್ಲಿ ಮಲಗಿ. ಬೆಳಿಗ್ಗೆ ಹುಬ್ಬಳ್ಳಿಗೆ ಹೋಗುವುದೇ ಬೇಡ. ಧಾರವಾಡದಿಂದ ಕಲಘಟಗಿಗೆ ಬಂದರೆ ಅಂಕೋಲಾ ರಸ್ತೆ ಸಿಗುತ್ತದೆ. ಅಲ್ಲಿಂದ ಯಲ್ಲಾಪುರ, ಅರಬೈಲ್ ಘಾಟಿ, ಅಂಕೋಲಾ. ಮಧ್ಯಾಹ್ನದ ಊಟ ಕುಮಟಾದಲ್ಲಿ. ಸಂಜೆ ಚಹಾಕ್ಕೆ ಕುಂದಾಪುರ. ನೀವು ಯಾವುದನ್ನು ಸಮಸ್ಯೆ ಅನ್ನುತ್ತೀರೋ ಅದೇ ನಿಮ್ಮ ಪರಿಹಾರ ಅಲ್ವಾ?

ಮುಲುಂಡ್ ಸೊಸೆ
ಇಲ್ಲಿವರೆಗೆ ಅಮ್ಮ ಏನಂದರು, ನೀವೇನಂದಿರಿ ಎಂದು ಬಂತು. ಧಾರವಾಡದ ಮಗಳು ಏನಂದಳು ಎಂದು ಯಾರೂ ಕೇಳಲಿಲ್ಲ. ಪಟ್ಟಿಯಲ್ಲಿ ಅವಳ ತವರು "ಅಡ್ಡ ಬರುವ ಮನೆ" ಆಗಿದೆ. ನನ್ನ ಗಂಡ ಹೀಗೇ ಹನ್ನೊಂದು ವರ್ಷ "ಈ ಸಲ ಟೈಮಿಲ್ಲ, ಬರುವಾಗ ನೋಡೋಣ" ಎಂದು ನನ್ನ ತವರಿನ ಕ್ರಾಸ್ ದಾಟಿಸಿದ್ದಾರೆ. ಬರುವಾಗ ಯಾವತ್ತೂ ರಾತ್ರಿಯೇ ಆಗಿರುತ್ತದೆ.

ಡೊಂಬಿವಲಿ ಡ್ರೈವರ್
ಕೇಳಿದೆ ಅಕ್ಕಾ. "ನಿಮಗೆ ಅನುಕೂಲ ಆದ್ರೆ ನೋಡಿ" ಅಂದಳು.

ಮುಲುಂಡ್ ಸೊಸೆ
ಹಾಗಂದರೆ ಏನರ್ಥ ಎಂದು 18 ವರ್ಷದಲ್ಲಿ ಗೊತ್ತಾಗಿಲ್ಲವೇ? ಸುಮ್ನೆ ಧಾರವಾಡಕ್ಕೆ ಹೋಗಿ.

ಸುಮ್ನೆ ಓದುವವ
ಶೆಟ್ರು ಒಂದು ಕಡೆ, ಇಡೀ ಧಾರವಾಡ ಒಂದು ಕಡೆ.

ಪುಣೆಯ ಅಕ್ಕ
ನಾನು ಇನ್ನೊಂದು ಬದಿಯಿಂದ ಹೇಳುತ್ತೇನೆ. ನಮ್ಮ ಮನೆ ವಾರಜೆಯಲ್ಲಿ, ಬೈಪಾಸಿನಿಂದ ಐದು ನಿಮಿಷ. ಮುಂಬೈಯಿಂದ ಊರಿಗೆ ಹೋಗುವ ನೆಂಟರಿಗೆಲ್ಲ ನಮ್ಮದೇ ಮೊದಲ ಸ್ಟಾಪು. ಮೇ ತಿಂಗಳಲ್ಲಿ ವಾರಕ್ಕೆ ಎರಡು ಗಾಡಿ. ಪ್ರೀತಿ ಇದೆ, ಬೇಡ ಅನ್ನುವುದಿಲ್ಲ. ಆದರೆ ಬೆಳಿಗ್ಗೆ ಆರೂವರೆಗೆ ಫೋನ್ ಮಾಡಿ "ಲೋಣಾವಳಾ ದಾಟಿದ್ವಿ, ಏನೂ ಮಾಡ್ಬೇಡಿ, ಬರೀ ಚಹಾ" ಅನ್ನುತ್ತಾರೆ. ಬರೀ ಚಹಾ ಕೊಟ್ಟು ಕಳಿಸಿದರೆ ಊರಲ್ಲಿ ಏನು ಮಾತಾಡಿಕೊಳ್ಳುತ್ತಾರೆ ಎಂದು ನನಗೆ ಗೊತ್ತಿಲ್ಲವೇ? ಅಷ್ಟು ಹೊತ್ತಿಗೆ ಹಿಟ್ಟು ಇರುವುದಿಲ್ಲ. ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಾ ಆಫೀಸಿಗೆ ರಜೆ ಹಾಕಿದ್ದೂ ಇದೆ.

ಒಂದು ಸಲ ಮೈದುನನ ಮನೆಯವರು ಒಂಬತ್ತು ಜನ ಬಂದರು. ಸ್ನಾನ ಬೇರೆ! ಗೀಸರ್ ಹದಿನೈದು ಲೀಟರಿನದ್ದು. ಕೊನೆಯವರು ತಲೆ ಒರೆಸಿಕೊಂಡು ಹೊರಡುವಾಗ ಹತ್ತೂಮುಕ್ಕಾಲು. ಆಮೇಲೆ ಊರಲ್ಲಿ "ಪುಣೆಯಲ್ಲಿ ನಿಂತಿದ್ದಕ್ಕೇ ಲೇಟಾಯ್ತು" ಅಂದರಂತೆ.

ಹಾಗಾಗಿ ದಯವಿಟ್ಟು ಎರಡು ದಿನ ಮೊದಲೇ ಹೇಳಿ. ಎಷ್ಟು ಜನ, ತಿಂಡಿಯೋ ಚಹಾವೋ, ಸ್ನಾನ ಇದೆಯೋ ಇಲ್ಲವೋ. ನೀವು ಹೊರಡುವ ಹೊತ್ತನ್ನೂ ಹೇಳಿಬಿಡಿ. ನಮಗೂ ಅದೇ ಬೇಕಾಗಿರುತ್ತದೆ.

ಘಾಟ್ಕೋಪರ್ ಘಾಟಿ
ಅಕ್ಕಾ, ಆ ಮೈದುನ ಈ ಗುಂಪಿನಲ್ಲಿಲ್ಲ ತಾನೇ?

ಪುಣೆಯ ಅಕ್ಕ
ಇದ್ದರೆ ಓದಲಿ.

ಘಾಟ್ಕೋಪರ್ ಘಾಟಿ
ಹೇಳದೆ ದಾಟಿ ಹೋಗುವ ಯೋಚನೆ ಇರುವವರಿಗೆ ನನ್ನ ಕಥೆ. ಆರು ವರ್ಷದ ಹಿಂದೆ ಬೆಳಗಾವಿಯ ಸೋದರಮಾವನಿಗೆ ತಿಳಿಸದೆ ಹೋಗೋಣ ಎಂದು ತೀರ್ಮಾನಿಸಿದೆವು. ಮಕ್ಕಳಿಗೂ ಹೇಳಿಕೊಟ್ಟಿದ್ದೆವು. ಫೋಟೋ ಹಾಕಬೇಡಿ, ಸ್ಟೇಟಸ್ ಹಾಕಬೇಡಿ. ಬೆಳಗಾವಿ ದಾಟಿತು. ಹಿರೇಬಾಗೇವಾಡಿ ಟೋಲೂ ದಾಟಿತು. ಹೆಂಡತಿ ನಿಟ್ಟುಸಿರು ಬಿಟ್ಟಳು. ಐದು ನಿಮಿಷಕ್ಕೆ ಹಿಂದಿನ ಟಯರ್ ಪಂಚರ್. ಸ್ಟೆಪ್ನಿ ತೆಗೆದರೆ ಅದರಲ್ಲೂ ಗಾಳಿಯಿಲ್ಲ.

ಬಿಸಿಲಲ್ಲಿ ಮುಕ್ಕಾಲು ಗಂಟೆ ನಿಂತೆವು. ಆ ಸೀಮೆಯಲ್ಲಿ ನನಗೆ ಗೊತ್ತಿರುವ ಒಂದೇ ನಂಬರು ಮಾವನದು. ಮಾಡಿದೆ. ಮಾವ ಮೆಕ್ಯಾನಿಕ್ಕನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದರು. ಒಂದು ಡಬ್ಬಿ ಚಪಾತಿ, ಬದನೆಕಾಯಿ ಪಲ್ಯ, ಒಂದು ಡಬ್ಬ ಕುಂದಾ. ಒಂದೇ ಒಂದು ಮಾತು ಕೇಳಲಿಲ್ಲ. ಆದರೆ ಇವತ್ತಿಗೂ ಯಾವ ಮದುವೆಯಲ್ಲಿ ಸಿಕ್ಕಿದರೂ ಎಲ್ಲರೆದುರು "ಗಾಡೀಗೆ ಗಾಳಿ ಸರಿ ಅದ ಏನಪಾ?" ಅನ್ನುತ್ತಾರೆ.

ಸುಮ್ನೆ ಓದುವವ
ಸ್ಟೆಪ್ನಿಗೆ ಗಾಳಿ ಹೊಡೆಸಿಟ್ಟರೆ ಸಂಬಂಧವೂ ಉಳಿಯುತ್ತದೆ.

ಲೆಕ್ಕದ ಮಾಸ್ತರ್, ಥಾಣೆ
ಮಾತು ಎಲ್ಲಿಗೋ ಹೋಯಿತು. ಟೋಲಿನ ಬಗ್ಗೆ ಯಾರೂ ಹೇಳಲಿಲ್ಲ. ನಿಮ್ಮಲ್ಲಿ ವರ್ಷದ ಫಾಸ್ಟ್ಯಾಗ್ ಪಾಸ್ ಇದೆಯೇ? 2025ರ ಆಗಸ್ಟ್ 15ಕ್ಕೆ ಶುರುವಾದಾಗ 3000 ರೂಪಾಯಿ ಇತ್ತು. ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅದು. ರಾಷ್ಟ್ರೀಯ ಹೆದ್ದಾರಿಯ ಟೋಲುಗಳಿಗೆ ನಡೆಯುತ್ತದೆ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ರಾಜ್ಯದ್ದು, ಅಲ್ಲಿ ನಡೆಯುವುದಿಲ್ಲ. ಅದಕ್ಕೆ ಬೇರೆಯಾಗಿ ದುಡ್ಡು ಹಾಕಿಡಿ. 2023ರ ಏಪ್ರಿಲ್‌ನಲ್ಲಿ ಕಾರಿಗೆ 320 ಆಯಿತು. ಪಾಸ್ ಇದೆ ಎಂಬ ಧೈರ್ಯದಲ್ಲಿ ಖಾಲಿ ಫಾಸ್ಟ್ಯಾಗ್ ಇಟ್ಟುಕೊಂಡು ಹೋಗಿ ನಿಂತವರನ್ನು ನೋಡಿದ್ದೇನೆ.

ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೆ 100, ಘಾಟಿನಲ್ಲಿ 60. ಕ್ಯಾಮೆರಾ ಎಲ್ಲೆಲ್ಲೂ ಇವೆ. ನೆಂಟರಿಗಿಂತ ಮೊದಲು ಚಲನ್ನಿನ ಮೆಸೇಜು ಬರುತ್ತದೆ. ಹೆದ್ದಾರಿಯಲ್ಲಿ ಗಾಡಿ ನಿಂತರೆ 1033ಕ್ಕೆ ಕರೆ ಮಾಡಿ. ಮಾವನೇ ಬರಬೇಕೆಂದಿಲ್ಲ.

ಘಾಟ್ಕೋಪರ್ ಘಾಟಿ
1033 ಚಪಾತಿ ತರುವುದಿಲ್ಲ ಮಾಸ್ತರೆ.

ಮಾಟುಂಗದ ಅಜ್ಜ
ನೀವೆಲ್ಲ ಒಂದೂವರೆ ದಿನಕ್ಕೆ ಇಷ್ಟು ಚರ್ಚೆ ಮಾಡುತ್ತೀರಿ. ನಾನು ಮುಂಬೈಗೆ ಬಂದಾಗ ಕೊಂಕಣ ರೈಲು ಇರಲಿಲ್ಲ. ಪೂರ್ತಿ ಓಡಿದ್ದು 1998ಕ್ಕೆ. ಅಲ್ಲಿವರೆಗೆ ಬಸ್ಸೇ ಗತಿ. 1986ರ ಜುಲೈಯಲ್ಲಿ ಪಣಜಿಯ ಮಾಂಡವಿ ಸೇತುವೆ ಕುಸಿಯಿತು. ಆ ವರ್ಷ ಚೌತಿಗೆ ಹೊರಟವರು ನಾವು ಬಸ್ಸು ಇಳಿದು, ಟ್ರಂಕು ತಲೆ ಮೇಲೆ ಇಟ್ಟುಕೊಂಡು ಫೆರಿ ದಾಟಿ, ಆಚೆ ದಡದಲ್ಲಿ ಬೇರೆ ಬಸ್ಸು ಹಿಡಿದೆವು. ಮಳೆ. ಟ್ರಂಕಿನಲ್ಲಿ ತಂಗಿಗೆ ತೆಗೆದ ದಾದರಿನ ಸೀರೆ. ಊರಲ್ಲಿ ಬಿಚ್ಚಿ ನೋಡಿದರೆ ಅಂಚಿನ ಬಣ್ಣ ಒಡಲಿಗೆ ಹತ್ತಿತ್ತು. ತಂಗಿ ಅದನ್ನೇ ಉಟ್ಟಳು. ಇದೇ ಡಿಸೈನು ಅಂದುಕೊಂಡರಂತೆ ಎಲ್ಲರೂ.

ಮುಲುಂಡ್ ಸೊಸೆ
ಅಜ್ಜಾ, ನೀವು ಇನ್ನೂ ಬರೆಯಬೇಕು.

ಮಡಗಾಂವ್ ವಾಸಿ
ಗೋವಾದ ಕಡೆಯಿಂದ ನಾಲ್ಕು ಮಾತು. ಅಜ್ಜ ಹೇಳಿದ ಕಾಲ ಹೋಯಿತು. ಮಾಂಡವಿಗೆ ಈಗ ಎತ್ತರದ ಅಟಲ್ ಸೇತು ಇದೆ. ಝುವಾರಿಗೆ ಹೊಸ ಸೇತುವೆ 2022ರ ಡಿಸೆಂಬರಿನಲ್ಲಿ ತೆರೆಯಲು ಶುರುವಾಯಿತು. ಕಾಣಕೋಣಕ್ಕೆ ಬೈಪಾಸ್ ಇದೆ. ಕಾರವಾರದ ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟ್ 7ರ ಬೆಳಗಿನ ಜಾವ ಬಿದ್ದದ್ದು ನೆನಪಿದೆಯಲ್ಲ. ಅದಕ್ಕೂ ಮೂರು ವಾರ ಮೊದಲು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಿತ್ತು. ಅದಕ್ಕೇ ಮಳೆಗಾಲದಲ್ಲಿ ಈ ಕಡೆ ಬರುವವರಿಗೆ ನಾನು ಬೇಡ ಅನ್ನುತ್ತೇನೆ. ಮೇ ತಿಂಗಳಾದರೆ ಅಡ್ಡಿಯಿಲ್ಲ. ಪೆಟ್ರೋಲೂ ನಮ್ಮಲ್ಲಿ ಅಗ್ಗ.

ಇನ್ನೊಂದು ವಿಷಯ. 2025ರ ಚೌತಿಗೆ ಕೊಂಕಣ ರೈಲ್ವೆ ಕಾರನ್ನೇ ರೈಲಿನ ಮೇಲೆ ಹತ್ತಿಸಿತ್ತು, ಕೊಲಾಡಿನಿಂದ ನಮ್ಮ ವೆರ್ಣಾಕ್ಕೆ. ಕಾರಿಗೆ 7875 ರೂಪಾಯಿ, ಕಾರಿನ ಜೊತೆ ಮೂರು ಜನ. ಲಾರಿಗಳಿಗೆ ಈ ರೋ-ರೋ 1999ರಿಂದಲೂ ಇದೆ. ಮತ್ತೆ ಬಿಟ್ಟರೆ ಯೋಚಿಸಬಹುದು.

ಲೆಕ್ಕದ ಮಾಸ್ತರ್, ಥಾಣೆ
ಅವರು ನಾಲ್ಕು ಜನ. ಒಬ್ಬರನ್ನು ಕೊಲಾಡಿನಲ್ಲಿ ಬಿಡಬೇಕಾಗುತ್ತದೆ.

ಮಡಗಾಂವ್ ವಾಸಿ
ಅವರನ್ನು ಮತ್ಸ್ಯಗಂಧದಲ್ಲಿ ಕೂರಿಸಿ. ಹಾಗೆಯೇ, ಗೋವಾ ಮೇಲೆ ಬಂದರೆ ನಮ್ಮ ಮನೆಗೆ ಬರಲೇಬೇಕು. ಹೆದ್ದಾರಿಯಿಂದ ಎರಡೇ ಕಿಲೋಮೀಟರ್. ಮೀನು ತಿನ್ನುತ್ತೀರಾ?

ಡೊಂಬಿವಲಿ ಡ್ರೈವರ್
ಮೂರು ಮನೆ ಹೇಗೆ ತಪ್ಪಿಸಲಿ ಎಂದು ಕೇಳಿದೆ. ನಾಲ್ಕನೆಯದೂ ಸೇರಿತು.

ವಾಶಿ ಶೆಟ್ರು
ಯಲ್ಲಾಪುರ ರಸ್ತೆ ಬಗ್ಗೆ ಹಿಂಜವಡಿಯವರು ಬಾಯಿ ಬಿಡಲಿಲ್ಲ. ಅಲ್ಲೇನು ಬೆಣ್ಣೆಯೇ? ಎರಡೇ ಲೇನು, ಎದುರಿಂದ ಲಾರಿ, ಅರಬೈಲಿನಲ್ಲಿ ತಿರುವು ಮೇಲೆ ತಿರುವು.

ಹಿಂಜವಡಿ ಹುಬ್ಬಳ್ಳಿ
ಅದು ನಿಜ, ಒಪ್ಪಿದೆ ಶೆಟ್ರೆ. ರಾತ್ರಿ ಅಲ್ಲಿ ಹೋಗಲೇಬೇಡಿ. 2025ರ ಜನವರಿಯಲ್ಲಿ ಯಲ್ಲಾಪುರದ ಹತ್ತಿರ ಬೆಳಗಿನ ಜಾವ ತರಕಾರಿ ಲಾರಿ ಉರುಳಿ 10 ಜನ ಹೋದರು. ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದವರು. ಅದಕ್ಕೇ ನಾನು ಧಾರವಾಡದಲ್ಲಿ ಮಲಗಿ ಅಂದದ್ದು. ಬೆಳಿಗ್ಗೆ ಏಳಕ್ಕೆ ಹೊರಟು ಹಗಲು ಬೆಳಕಿನಲ್ಲಿ ಘಾಟಿ ಇಳಿಯಿರಿ. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಬೇಡಿ, ಎರಡನೇ ಗೇರಿನಲ್ಲೇ ಇಳಿಯಲಿ. ಬರೀ ಬ್ರೇಕ್ ತುಳಿದರೆ ಬಿಸಿಯಾಗಿ ಹಿಡಿಯುವುದಿಲ್ಲ.

ಹಾಂ, ಇನ್ನೊಂದು. ಅಳಿಯ ಮೊದಲ ಸಲ ಕಾರು ತಂದಾಗ ಧಾರವಾಡದಲ್ಲಿ ಬರೀ ಊಟ ಇರುವುದಿಲ್ಲ. ಗಾಡಿಗೆ ಪೂಜೆ, ಟಯರಿಗೆ ನಿಂಬೆಹಣ್ಣು, ಓಣಿಯವರೆಲ್ಲ ಬಂದು ನೋಡಿ "ಎಷ್ಟ್ ಆವರೇಜ್ ಕೊಡ್ತದರಿ?" ಎಂದು ಕೇಳುತ್ತಾರೆ. ಅದಕ್ಕೊಂದು ಗಂಟೆ ತೆಗೆದಿಡಿ.

ಪುಣೆಯ ಅಕ್ಕ
ಸಿಎನ್‌ಜಿ ಗಾಡಿ ಅಂದಿರಿ. ಡಿಕ್ಕಿಯಲ್ಲಿ ಸಿಲಿಂಡರೇ ತುಂಬಿರುತ್ತದೆ. ನಾಲ್ಕು ಜನರ ಬ್ಯಾಗು, ಒಕ್ಕಲಿನ ಸೀರೆ, ಮೂರು ಮನೆಗೆ ಕೊಡುವ ಬಾಕರ್‌ವಡಿ, ಚಿಕ್ಕಿ ಎಲ್ಲಿ ಇಡುತ್ತೀರಿ? ಅದಕ್ಕಿಂತ ದೊಡ್ಡ ಪ್ರಶ್ನೆ, ಬರುವಾಗ ಅವರು ಕೊಡುವುದನ್ನು ಎಲ್ಲಿ ಇಡುತ್ತೀರಿ?

ಡೊಂಬಿವಲಿ ಡ್ರೈವರ್
ಇದು ತಲೆಗೇ ಹೋಗಿರಲಿಲ್ಲ. ಕ್ಯಾರಿಯರ್ ಹಾಕಿಸಲೇ?

ಲೆಕ್ಕದ ಮಾಸ್ತರ್, ಥಾಣೆ
ಹಾಕಿಸಬೇಡಿ. ಜಾಗ ಕಂಡಷ್ಟೂ ತೆಂಗಿನಕಾಯಿ ಹೇರುತ್ತಾರೆ.

ಮುಲುಂಡ್ ಸೊಸೆ
ಅಮ್ಮನಿಗೆ ಘಾಟಿಯಲ್ಲಿ ತಲೆ ಸುತ್ತುತ್ತದೆಯಾ? ಮುಂದಿನ ಸೀಟಿನಲ್ಲಿ ಕೂರಿಸಿ. ಬಾಯಲ್ಲಿ ಒಣ ಶುಂಠಿ ಇಲ್ಲವೇ ಉಪ್ಪು ಹಚ್ಚಿದ ನಿಂಬೆಹೋಳು. ಒಂದೂವರೆ ಗಂಟೆಗೊಮ್ಮೆ ಇಳಿಸಿ ನಾಲ್ಕು ಹೆಜ್ಜೆ ನಡೆಸಿ, ಕಾಲು ಊದುತ್ತದೆ. ಹಿರಿಯರು ದಾರಿಯಲ್ಲಿ ಶೌಚಾಲಯಕ್ಕೆ ಹೆದರಿ ನೀರೇ ಕುಡಿಯುವುದಿಲ್ಲ. ಅದನ್ನು ನೀವೇ ಗಮನಿಸಬೇಕು, ಅವರಾಗಿ ಹೇಳುವುದಿಲ್ಲ.

ಘಾಟ್ಕೋಪರ್ ಘಾಟಿ
ನಿಪ್ಪಾಣಿ ದಾಟಿದ ಮೇಲೆ ಒಂದು ತಮಾಷೆ ನೋಡಿ. ಗಾಡಿ ಎಂಎಚ್ ನಂಬರಿನದು ಎಂದು ಹೋಟೆಲಿನವರು ಹಿಂದಿಯಲ್ಲಿ ಶುರು ಮಾಡುತ್ತಾರೆ. ನಾವು ಕನ್ನಡದಲ್ಲಿ ಕೇಳಿದರೆ ಅವರು ಮರಾಠಿಯಲ್ಲಿ ಉತ್ತರಿಸುತ್ತಾರೆ. ಮುಂಬೈಯಲ್ಲಿ ನಾವು ಹೊರಗಿನವರು, ಊರಲ್ಲಿ "ಬೊಂಬಾಯಿಯವರು". ನಮ್ಮದು ಅಂತ ಇರುವುದು ಕಾರಿನೊಳಗಿನ ಜಾಗ ಮಾತ್ರ.

ಮಾಟುಂಗದ ಅಜ್ಜ
ಅದರಲ್ಲೂ ಅರ್ಧ ತೆಂಗಿನಕಾಯಿ.

ಡೊಂಬಿವಲಿ ಡ್ರೈವರ್
ತೀರ್ಮಾನ ಆಯಿತು. ಪುಣೆ ದಾರಿ. ಕೊತ್ರೂಡಿನಲ್ಲಿ ತಿಂಡಿ, 40 ನಿಮಿಷ ಮಾತ್ರ. ಚಿಕ್ಕಮ್ಮನಿಗೆ ಈಗಲೇ ಫೋನ್ ಮಾಡಿ ನಾಲ್ಕು ಜನ, ಸ್ನಾನ ಇಲ್ಲ ಅಂದೆ. "ಸ್ನಾನ ಯಾಕಿಲ್ಲ?" ಎಂದು ಬೇಜಾರು ಮಾಡಿಕೊಂಡರು. ರಾತ್ರಿ ಧಾರವಾಡ. ಕುಮಟಾದಲ್ಲಿ ಊಟ. ಹೆಂಡತಿ ಈಗಲೇ ಎರಡು ಬ್ಯಾಗು ಜೋಡಿಸಿದ್ದಾಳೆ. ಬಂದು ಬರೆಯುತ್ತೇನೆ.

ವಾಶಿ ಶೆಟ್ರು
ನಿಮ್ಮಿಷ್ಟ. ಬರುವಾಗಲಾದರೂ ಗೋವಾ ಮೇಲೆ ಬನ್ನಿ, ಆಮೇಲೆ ಮಾತಾಡೋಣ.

ಡೊಂಬಿವಲಿ ಡ್ರೈವರ್ (ಹನ್ನೆರಡು ದಿನದ ನಂತರ)
ಬಂದೆವು. ಎಲ್ಲ ಸುಸೂತ್ರ.

ಬೆಳಿಗ್ಗೆ 4:40ಕ್ಕೆ ಹೊರಟು ಶಿಳ್‌ಫಾಟಾ, ತಳೋಜಾ ಮೇಲೆ ಕಳಂಬೋಲಿ. ಏಳೂಕಾಲಿಗೆಲ್ಲ ಚಾಂದಣಿ ಚೌಕದಲ್ಲಿ ಇಳಿದೆವು. ಕೊತ್ರೂಡಿನ 40 ನಿಮಿಷ ಒಂದು ಗಂಟೆ ಐವತ್ತು ನಿಮಿಷ ಆಯಿತು. ತಪ್ಪು ಚಿಕ್ಕಮ್ಮನದಲ್ಲ. ತಿಂಡಿ ರೆಡಿ ಇತ್ತು. ಅಕ್ಕತಂಗಿಯರು ಕೋಣೆ ಬಾಗಿಲು ಹಾಕಿಕೊಂಡು ಕೂತರು. ಏನು ಮಾತಾಡಿದರೋ ಗೊತ್ತಿಲ್ಲ, ಅಮ್ಮ ಹೊರಬಂದಾಗ ಕಣ್ಣು ಕೆಂಪಾಗಿತ್ತು. ನಾಲ್ಕು ವರ್ಷದ ಮೇಲೆ ನೋಡಿದ್ದಂತೆ. ಡೊಂಬಿವಲಿಯಿಂದ ಪುಣೆ ಮೂರು ಗಂಟೆ ದಾರಿ. ಗಡಿಯಾರ ನೋಡುತ್ತಾ ಕೂತವನು ಆಮೇಲೆ ನೋಡಲಿಲ್ಲ.

ಖಂಬಾಟಕಿ ಘಾಟಿ ಹತ್ತುವಾಗ ಎಸಿ ಬಂದ್ ಮಾಡಿದೆ, ಗಾಡಿ ಹತ್ತಿತು. ಅಲ್ಲಿನ ಹಳೇ ಸುರಂಗ ಪುಣೆ ಕಡೆಗೆ ಬರುವವರಿಗೆ ಮಾತ್ರ ಎಂದು ನನಗೆ ಗೊತ್ತಿರಲಿಲ್ಲ. ಮಗಳಿಗೆ ಸುರಂಗ ತೋರಿಸುತ್ತೇನೆ ಎಂದು ಹೇಳಿ ಮರ್ಯಾದೆ ಹೋಯಿತು. ಕೊಲ್ಹಾಪುರದ ಹತ್ತಿರ ಸಿಎನ್‌ಜಿ ಸಾಲಿನಲ್ಲಿ 35 ನಿಮಿಷ. ಧಾರವಾಡ ಸಂಜೆ ಆರೂವರೆ. ನಿಂಬೆಹಣ್ಣು, ಆವರೇಜು, ಎಲ್ಲ ಹಿಂಜವಡಿಯವರು ಹೇಳಿದ ಹಾಗೇ. ಮಾವನವರು ಸ್ಟೆಪ್ನಿ ಕೂಡ ತೆಗೆಸಿ ನೋಡಿದರು. ಗಾಳಿ ಇತ್ತು.

ಅರಬೈಲ್ ಎರಡನೇ ಗೇರಿನಲ್ಲಿ ಇಳಿದೆವು. ಕುಮಟಾದಲ್ಲಿ ಅತ್ತೆ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಮರವಂತೆಯಲ್ಲಿ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ. ಅಮ್ಮ ಕಾರು ನಿಲ್ಲಿಸಲು ಹೇಳಿದರು. ಬಸ್ಸಿನವರು ಯಾವತ್ತೂ ನಿಲ್ಲಿಸಿರಲಿಲ್ಲವಂತೆ.

ಬರುವಾಗ ಗೋವಾ ದಾರಿ. ಶೆಟ್ರೆ, ಕಣಕವಲಿಯವರೆಗೆ ಬೆಣ್ಣೆಯೇ, ಒಪ್ಪಿದೆ. ಮಾಣಗಾಂವಿನಲ್ಲಿ ಎರಡು ಗಂಟೆ. ಮಡಗಾಂವಿನವರಿಗೆ ಕ್ಷಮೆ ಕೇಳುತ್ತೇನೆ. ಅಮ್ಮನಿಗೆ ಹೇಳಿದ್ದರೆ ಬಂದೇ ಬರುತ್ತಿದ್ದೆವು, ಅದಕ್ಕೇ ಹೇಳಲಿಲ್ಲ.

ತೆಂಗಿನಕಾಯಿ 22. ಹಿಂದಿನ ಸೀಟಿನವರು ಕಾಲು ಮೇಲಿಟ್ಟುಕೊಂಡೇ ಬಂದರು. ಈಗ ಒಂದೇ ತೊಂದರೆ. ಅಣ್ಣ ಒಂದು ಹಲಸಿನಹಣ್ಣನ್ನು ಡಿಕ್ಕಿಯಲ್ಲಿ ಸಿಲಿಂಡರ್ ಪಕ್ಕ ತುರುಕಿದ್ದ. ಕಾರಿನ ವಾಸನೆ ಹೋಗುತ್ತಿಲ್ಲ. ಏನು ಮಾಡಬೇಕು?

ಪುಣೆಯ ಅಕ್ಕ
ಕಾಫಿ ಪುಡಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಸೀಟಿನ ಕೆಳಗೆ ಎರಡು ದಿನ ಇಡಿ. ಗಾಜು ಸ್ವಲ್ಪ ಇಳಿಸಿಟ್ಟಿರಿ.

ಮಡಗಾಂವ್ ವಾಸಿ
ಗಟ್ಟಿ ತೊಳೆಯ ಬಕ್ಕೆಯೋ, ಮೆತ್ತನೆ ತುಳುವೆಯೋ?

ಡೊಂಬಿವಲಿ ಡ್ರೈವರ್
ತುಳುವೆ. ಕಾರವಾರ ದಾಟುವಾಗಲೇ ಬಾಯಿ ಬಿಟ್ಟಿತ್ತು.

ಮಡಗಾಂವ್ ವಾಸಿ
ಆಗ ನಮ್ಮ ಮನೆಯಲ್ಲಿ ಇಳಿಸಿ ಹೋಗಬಹುದಿತ್ತಲ್ಲ ಮಾರಾಯ್ರೆ. ಎರಡೇ ಕಿಲೋಮೀಟರ್.